ಉಸಿರಿನ ಎಣಿಕೆ, ಗುಳಿಗೆಯ ನಿಯಮ

ಅಧಿಕ ರಕ್ತದೊತ್ತಡವು ಸದ್ದಿಲ್ಲದೆ ಬರುವ ವ್ಯಾಧಿ. ಬಹುಮಂದಿಗೆ ನೋವಿಲ್ಲ, ಜ್ವರವಿಲ್ಲ. ಒಳಗೊಳಗೇ ಅದು ಹೃದಯ, ಮಿದುಳು, ಮೂತ್ರಪಿಂಡಗಳನ್ನು ಸವೆಸುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ಜೀವನನ್ನು ಬಂಧಿಸುವ ಬಗೆಯೂ ಹೀಗೆಯೇ. ಎರಡಕ್ಕೂ ಮೊದಲ ಮದ್ದು ಅಪ್ರಮಾದ, ಎಂದರೆ ಎಚ್ಚರ.

ಕಾರವಾರ, ಅಂಕೋಲೆಗಳ ಜನರಿಗೆ ಈ ಎಚ್ಚರವು ಉಪ್ಪಿನಿಂದಲೇ ಆರಂಭವಾಗಬೇಕು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಉಪ್ಪಿನ ಹಕ್ಕಿಗಾಗಿ ಹೋರಾಡಿದ ನೆಲದಲ್ಲಿ ಇಂದು ಬೇಕಾಗಿರುವುದು ಉಪ್ಪಿನ ಮಿತಿ. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೂ ಲೆಕ್ಕಕ್ಕೆ ಸೇರುತ್ತವೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೈನ ಶ್ರಾವಕನಿಗೆ ಇದು ಹೊಸ ಮಾತಲ್ಲ. ಆರು ಬಾಹ್ಯ ತಪಗಳಲ್ಲಿ ರಸಪರಿತ್ಯಾಗವೂ ಒಂದು. ತ್ಯಜಿಸಬೇಕಾದ ಆರು ರಸಗಳಲ್ಲಿ ಲವಣವೂ ಇದೆ.

ಇನ್ನು ಉಸಿರು. ಕಾಯೋತ್ಸರ್ಗದ ಕಾಲವನ್ನು ನಮ್ಮ ಹಿರಿಯರು ಉಸಿರಿನಿಂದಲೇ ಅಳೆದರು. ಒಂದು ಪಂಚನಮಸ್ಕಾರ ಮಂತ್ರಕ್ಕೆ 3 ಉಚ್ಛ್ವಾಸ. 9 ಬಾರಿ ಜಪಿಸಿದರೆ 27. ವಿಶ್ರಾಂತಿಯಲ್ಲಿರುವ ಮನುಷ್ಯ ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾನೆ. ಅದನ್ನು 6ಕ್ಕೆ ಇಳಿಸಿದರೆ 27 ಉಸಿರಿಗೆ ನಾಲ್ಕೂವರೆ ನಿಮಿಷ ಹಿಡಿಯುತ್ತದೆ. ನಿಧಾನದ ಉಸಿರು ಹೃದಯದ ವೇಗವನ್ನು ತಗ್ಗಿಸುವ ನರಗಳನ್ನು ಬಲಪಡಿಸುತ್ತದೆ, ರಕ್ತನಾಳಗಳ ಬಿಗಿತವನ್ನು ಸಡಿಲಿಸುತ್ತದೆ. ಬಲವಂತವಾಗಿ ಉಸಿರು ಕಟ್ಟುವ ಅಗತ್ಯವಿಲ್ಲ.

ಆದರೆ ಇದರಿಂದ ಒತ್ತಡ ಇಳಿಯುವುದು ಕೆಲವೇ ಅಂಕಗಳಷ್ಟು. ಮತ್ತೆ ಮತ್ತೆ ಅಳೆದಾಗಲೂ 140/90 ದಾಟಿರುವವರಿಗೆ ವೈದ್ಯರು ಗುಳಿಗೆ ಬರೆದಿದ್ದರೆ ಉಸಿರಾಟವು ಅದಕ್ಕೆ ಜೊತೆಯಾಗಬಲ್ಲದೇ ಹೊರತು ಬದಲಾಗದು. ಔಷಧ ಸೇವನೆ ಸಾಧನೆಯ ಸೋಲೆಂದು ಭಾವಿಸುವವರು ಚತುರ್ವಿಧ ದಾನಗಳನ್ನು ನೆನೆಯಬೇಕು: ಆಹಾರ, ಔಷಧ, ಶಾಸ್ತ್ರ, ಅಭಯ. ಕೊಡುವುದು ಪುಣ್ಯವಾದರೆ ಸೇವಿಸುವುದು ದೋಷವಾದೀತೆ? ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಮುನಿಗಳಾಗಿದ್ದೂ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದರು.

ದಶಲಕ್ಷಣ ಪರ್ವದ ಉಪವಾಸಗಳಲ್ಲಿ ವಿಶೇಷ ಎಚ್ಚರ ಬೇಕು. ಕೆಲವು ಗುಳಿಗೆಗಳನ್ನು ಹಠಾತ್ತನೆ ಬಿಟ್ಟರೆ ಒತ್ತಡ ಮೊದಲಿಗಿಂತ ಹೆಚ್ಚಾಗಿ ಏರಬಹುದು. ಮೂತ್ರವರ್ಧಕ ಗುಳಿಗೆ ನುಂಗಿ ನೀರನ್ನೂ ತ್ಯಜಿಸಿದರೆ ದೇಹ ಬಳಲಿ ಕುಸಿಯಬಹುದು. ಆದ್ದರಿಂದ ವ್ರತ ಹಿಡಿಯುವ ಮೊದಲೇ ವೈದ್ಯರನ್ನು ಕೇಳಬೇಕು. ರಾತ್ರಿಭೋಜನ ತ್ಯಾಗಿಗಳು ಗುಳಿಗೆಯ ವೇಳೆಯನ್ನು ಹಗಲಿಗೆ ಹೊಂದಿಸಿಕೊಡುವಂತೆ ಕೋರಬಹುದು. ಪೂರ್ಣ ಉಪವಾಸ ಸಲ್ಲದೆಂದು ವೈದ್ಯರು ಹೇಳಿದರೆ ಊನೋದರವೂ ತಪವೇ. ಷೋಡಶ ಭಾವನೆಗಳಲ್ಲಿ ಹೇಳಿರುವುದು ಶಕ್ತಿಗೆ ತಕ್ಕ ತಪವನ್ನು. ಶಕ್ತಿ ಮೀರಿದ ಹಠವನ್ನಲ್ಲ.

ಮೂವತ್ತು ದಾಟಿದವರು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಒತ್ತಡ ಅಳೆಸಿಕೊಳ್ಳಲಿ. ಬೆಳಿಗ್ಗೆ 27 ಉಸಿರು, ತಟ್ಟೆಯಲ್ಲಿ ಮಿತವಾದ ಉಪ್ಪು, ಹೇಳಿದ ಹೊತ್ತಿಗೆ ಗುಳಿಗೆ: ಈ ಮೂರೂ ಸಂಯಮದ ರೂಪಗಳೇ. ರತ್ನತ್ರಯದ ಸಾಧನೆಗೆ ಒದಗಿದ ಈ ಮಾನವ ದೇಹವನ್ನು ಕಾಪಾಡಿಕೊಳ್ಳುವುದೂ ಶ್ರಾವಕನ ಧರ್ಮವೇ ಆಗಿದೆ.