ಕಣ್ಣು ಮುಚ್ಚಿ ಹೊಡೆದರೂ ತಾಗುವ ಕೋವಿ

ಅಮೆರಿಕದ ಬಂದೂಕಿನಂಗಡಿಗಳಲ್ಲಿ ಎಷ್ಟು ದಶಕ ಕಳೆದರೂ ಸವೆಯದ ಮಾತೊಂದಿದೆ: ಶಾಟ್‌ಗನ್ನಿಗೆ ಗುರಿ ಬೇಕಿಲ್ಲ. ರಾತ್ರಿ ಮನೆಗೆ ಯಾರೋ ನುಗ್ಗಿದರು ಅನ್ನಿ, ಬಾಗಿಲಿನ ದಿಕ್ಕಿಗೆ ನಳಿಗೆ ತಿರುಗಿಸಿ ಟ್ರಿಗರ್ ಒತ್ತಿದರೆ ಮುಗಿಯಿತು. ಒಂದು ತೋಟಾದಿಂದ ಹೊರಟ ಚರೆ ಇಡೀ ಕೋಣೆಯನ್ನು ಗುಡಿಸಿಬಿಡುತ್ತದೆಯಂತೆ. ಇದರ ಬೆನ್ನಿಗೇ ಇನ್ನೊಂದು ಬುದ್ಧಿಮಾತು ಬರುತ್ತದೆ. ಗುರಿಯೇ ಬೇಡವೆಂದ ಮೇಲೆ ದೊಡ್ಡ ಕೋವಿ ಯಾಕೆ, ಹೆಂಡತಿಗೋ ವಯಸ್ಸಾದ ತಾಯಿಗೋ ಹಗುರವಾದ ಸಣ್ಣ ಬೋರಿನದೊಂದು ಸಾಕು. ಗಂಡ ತನಗೊಂದು 12 ಬೋರ್ ಕೊಳ್ಳುತ್ತಾನೆ, ಆಕೆಗೆ 20 ಬೋರಿನದೋ .410ದೋ ಒಂದು. ಒಂದೇ ಒಂದು ತೋಟಾವನ್ನೂ ಕಾಗದದ ಮೇಲೆ ಹಾರಿಸಿ ನೋಡದೆ ಇಬ್ಬರೂ ನೆಮ್ಮದಿಯಾಗಿ ಮಲಗುತ್ತಾರೆ.

ನೋಡಿದ್ದರೆ ನಿದ್ದೆ ಸ್ವಲ್ಪ ಕೆಡುತ್ತಿತ್ತು. ಚೋಕ್, ಅಂದರೆ ತುದಿಯಲ್ಲಿ ನಳಿಗೆಯನ್ನು ಕಿರಿದಾಗಿಸುವ ಬಿಗಿತ, ಇಲ್ಲದ ನೇರ ನಳಿಗೆಯಿಂದ ಹೊರಟ ಚರೆ ಗಜವೊಂದಕ್ಕೆ ಸುಮಾರು ಒಂದು ಇಂಚು ಹರಡುತ್ತದೆ ಎಂಬುದು ಕೋವಿ ಬಲ್ಲವರ ಹಳೆಯ ಅಂದಾಜು. ಮಲಗುವ ಕೋಣೆಯಲ್ಲಿ ಮಂಚದಿಂದ ಬಾಗಿಲಿಗೆ ಎಷ್ಟು ದೂರ? ನಾಲ್ಕು ಗಜ, ಹೆಚ್ಚೆಂದರೆ ಆರು. ಅಲ್ಲಿಗೆ ಅಷ್ಟೂ ಚರೆ ಹೋಗಿ ಬೀಳುವ ಜಾಗ ಒಂದು ಅಂಗೈಯಷ್ಟು. ಅದೂ ಧಾರಾಳವಾಗಿ ಹಿಡಿದ ಲೆಕ್ಕ. ಫೆಡರಲ್ ಕಂಪನಿಯ ಫ್ಲೈಟ್‌ಕಂಟ್ರೋಲ್ ಥರದ ತೋಟಾಗಳಲ್ಲಿ ಚರೆಯನ್ನು ಹೊತ್ತೊಯ್ಯುವ ಪ್ಲಾಸ್ಟಿಕ್ ಬಟ್ಟಲು ನಿಧಾನವಾಗಿ ಕಳಚಿಕೊಳ್ಳುವುದರಿಂದ, ಐದು ಗಜದಲ್ಲಿ ಕಾಗದದ ಮೇಲೆ ಕಾಣುವುದು ಒಂದೇ ಒಂದು ಹರಕು ತೂತು. ಬಾಗಿಲು ಮೂರಡಿ ಅಗಲವಿರುತ್ತದೆ. ಗುರಿ ಒಂದಡಿ ಆಚೀಚೆಯಾದರೆ ರೈಫಲ್ ತಪ್ಪುವ ಹಾಗೆಯೇ ಶಾಟ್‌ಗನ್ನೂ ತಪ್ಪುತ್ತದೆ. ವ್ಯತ್ಯಾಸವಿಷ್ಟೆ, ಗೋಡೆಗೆ ಒಂದು ಗುಂಡು ಹೊಗುವಲ್ಲಿ ಒಂಬತ್ತು ಹೊಗುತ್ತವೆ.

ಈ ನಂಬಿಕೆ ಗಾಳಿಯಿಂದ ಹುಟ್ಟಿದ್ದೂ ಅಲ್ಲ. ಹಾರುವ ಹಕ್ಕಿಗೆ ಈಡು ಹೊಡೆಯುವುದನ್ನು ಕಲಿಸುವವರು, ನಳಿಗೆಯ ತುದಿಯ ಮಣಿ ನೋಡುತ್ತಾ ಕೂರಬೇಡ, ಹಕ್ಕಿಯನ್ನೇ ನೋಡು ಎನ್ನುತ್ತಾರೆ. ಅಲ್ಲಿ ಆ ಮಾತು ಸರಿ. ಶಾಟ್‌ಗನ್ನಿನ ಹರಡುವಿಕೆಯನ್ನು ಅಳೆಯುವ ವಾಡಿಕೆಯೇ 40 ಗಜದಾಚೆ 30 ಇಂಚು ಅಗಲದ ವೃತ್ತ ಬರೆದು, ಅದರೊಳಗೆ ಚರೆಯ ಎಷ್ಟು ಪಾಲು ಬಿತ್ತು ಎಂದು ಎಣಿಸುವುದು. ಅಷ್ಟು ದೂರದಲ್ಲಿ ಚರೆ ನಿಜಕ್ಕೂ ಒಂದು ಬಲೆಯಂತೆ ಬೀಸುತ್ತದೆ. ಬಯಲಿನ ಈ ಪಾಠವನ್ನು ಯಾರೋ ಹೊತ್ತು ತಂದು ಹನ್ನೆರಡಡಿ ಉದ್ದದ ಕೋಣೆಯೊಳಗೆ ಇಳಿಸಿದರು. ಕಲಿಸಿದವನು ಹೇಳಿದ್ದು ಮಣಿ ನೋಡಬೇಡ ಎಂದಷ್ಟೆ. ಕೋವಿಯನ್ನು ಹೆಗಲಿಗೆ, ಕೆನ್ನೆಗೆ ಸರಿಯಾಗಿ ಕೂರಿಸಿಕೊಂಡರೆ ಕಣ್ಣು ಹೋದಲ್ಲಿಗೆ ನಳಿಗೆಯೂ ಹೋಗುತ್ತದೆ ಎಂಬ ವರ್ಷಗಟ್ಟಲೆಯ ಅಭ್ಯಾಸದ ಮೇಲೆ ನಿಂತ ಮಾತು ಅದು. ದಾರಿಯಲ್ಲಿ ಆ ಅರ್ಧ ಎಲ್ಲೋ ಉದುರಿಹೋಯಿತು.

ಉಳಿದದ್ದನ್ನು ಸಿನಿಮಾ ಮಾಡಿತು. ಒಂದೇ ಈಡಿಗೆ ನಾಲ್ವರು ಹಾರಿ ಬೀಳುವುದು, ಕಿಟಕಿ ಚೌಕಟ್ಟು ಸಮೇತ ಕಿತ್ತು ಬರುವುದು. ಅದಕ್ಕೂ ಹಿಂದಿನದು ಬ್ಲಂಡರ್‌ಬಸ್ ಎಂಬ, ಕಹಳೆಯಂತೆ ಬಾಯಿ ತೆರೆದ ಹಳೆಯ ಕೋವಿಯ ಚಿತ್ರ. ಆ ಬಾಯಿ ಚರೆಯನ್ನು ಅಗಲಕ್ಕೆ ಎರಚಲಿಕ್ಕೆಂದು ಇವತ್ತಿಗೂ ನಂಬುವವರಿದ್ದಾರೆ. ಓಲಾಡುವ ಹಡಗಿನಲ್ಲೋ ಕುಲುಕುವ ಗಾಡಿಯಲ್ಲೋ ಮದ್ದು, ಚರೆ ಸುರಿಯಲು ಅದು ಅನುಕೂಲವಾಗಿತ್ತು. ಎದುರಿಗಿದ್ದವನನ್ನು ಹೆದರಿಸಲೂ ಒದಗುತ್ತಿತ್ತು. ಹರಡುವಿಕೆಯಲ್ಲಿ ಅದರ ಪಾತ್ರ ಇಲ್ಲವೆನ್ನುವಷ್ಟು ಕಡಿಮೆ.

ಗುರಿ ಬೇಡವೆಂಬ ಈ ವಾದವನ್ನು ಕೊಡಗಿನಲ್ಲಿ ಯಾರಾದರೂ ಮಾಡಿದರೆ ನಕ್ಕು ಕಳಿಸುತ್ತಾರೆ. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಾಗುತ್ತವೆ. ಕೋವಿಯನ್ನು ಪೂಜೆಗಿಟ್ಟು ಬೆಳೆದವರು, ಕೋವಿಗಾಗಿ ಪರವಾನಗಿಯ ವಿನಾಯಿತಿಯನ್ನೇ ಬ್ರಿಟಿಷರ ಕಾಲದಿಂದ ಪಡೆದವರು ಸಾಲಾಗಿ ನಿಂತು ಹೊಡೆಯುತ್ತಾರೆ, ಮತ್ತು ಸಾಲಾಗಿ ತಪ್ಪುತ್ತಾರೆ. 12 ಬೋರಿಗೆ ಗುರಿ ಬೇಡವಾಗಿದ್ದರೆ ಬಹುಮಾನ ಹಂಚಿ ಪೂರೈಸುತ್ತಿತ್ತೇ?

ಈಗ ಸಣ್ಣ ಬೋರಿನ ವಿಷಯಕ್ಕೆ ಬರಬೇಕು, ಏಕೆಂದರೆ ಮೊದಲ ತಪ್ಪು ಇಲ್ಲಿ ಎರಡರಷ್ಟಾಗುತ್ತದೆ. ಬೋರಿನ ಅಂಕಿ ಏರಿದಂತೆ ನಳಿಗೆ ಕಿರಿದಾಗುತ್ತದೆ: ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡು ಮಾಡಿದರೆ ಅದರಲ್ಲೊಂದು ಹಿಡಿಸುವ ನಳಿಗೆ 12 ಬೋರ್, ಇಪ್ಪತ್ತು ಮಾಡಿದರೆ 20. ಇದರಲ್ಲಿ .410 ಮಾತ್ರ ಬೇರೆ ಕುಲದ್ದು. ಅದು ನಳಿಗೆಯ ಅಗಲವನ್ನು ಇಂಚಿನಲ್ಲೇ ಹೇಳುತ್ತದೆ. ಹಾಗಾಗಿ 410 ಎಂದರೆ 12ಕ್ಕಿಂತ ಎಷ್ಟೋ ಪಾಲು ದೊಡ್ಡ ಕೋವಿ ಎಂದುಕೊಂಡವರೂ ಇದ್ದಾರೆ. ಇರಲಿ.

ಸಣ್ಣ ನಳಿಗೆಯಿಂದ ಹೊರಟ ಚರೆ ಸಣ್ಣಗೆ ಹರಡುತ್ತದೆಯೇ, ಹೆಚ್ಚು ಹರಡುತ್ತದೆಯೇ? ಎರಡೂ ಇಲ್ಲ. ಚೋಕ್ ಒಂದೇ ಆಗಿದ್ದರೆ ಹರಡುವ ಅಗಲ ಎಲ್ಲ ಬೋರಿಗೂ ಹೆಚ್ಚುಕಡಿಮೆ ಸಮ. ಕಡಿಮೆಯಾಗುವುದು ಆ ಅಗಲವನ್ನು ತುಂಬುವ ಚರೆಯ ಸಂಖ್ಯೆ. ಅಮೆರಿಕದ ಸ್ಕೀಟ್ ಪಂದ್ಯದಲ್ಲಿ, ಅಂದರೆ ಯಂತ್ರ ಎಸೆದ ಮಣ್ಣಿನ ಬಿಲ್ಲೆಗೆ ಹೊಡೆಯುವ ಆಟದಲ್ಲಿ, 12, 20, 28 ಮತ್ತು .410 ಎಂದು ನಾಲ್ಕು ವಿಭಾಗಗಳಿವೆ. ತೋಟಾದೊಳಗಿನ ಚರೆಯ ತೂಕ 12 ಬೋರಿನಲ್ಲಿ ಸುಮಾರು 32 ಗ್ರಾಂ, 20ರಲ್ಲಿ 25, 28ರಲ್ಲಿ 21; .410ಕ್ಕೆ ಬಂದರೆ ಬರೀ 14. ಬಿಲ್ಲೆ ಅದೇ, ವೇಗ ಅದೇ, ಬಲೆಯ ಕಣ್ಣು ಮಾತ್ರ ದೊಡ್ಡದಾಗುತ್ತಾ ಹೋಗುತ್ತದೆ. ಕೊನೆಯ ವಿಭಾಗದಲ್ಲಿ ಪಳಗಿದ ಕೈಗಳೂ ಬೆವರುತ್ತವೆ. ಅನುಭವಿಗಳ ಕೋವಿ ಎಂದು ಮೈದಾನದಲ್ಲಿ ಹೆಸರಾದದ್ದನ್ನೇ ಅಂಗಡಿಯಲ್ಲಿ ಕೋವಿ ಮುಟ್ಟಿಯೂ ನೋಡದವರ ಕೈಗೆ ಕೊಟ್ಟು, ಇದಕ್ಕೆ ಗುರಿಯೇ ಬೇಡಮ್ಮ ಎಂದು ಹೇಳಿ ಕಳಿಸುತ್ತಾರೆ.

ದಪ್ಪ ಚರೆಯ ತೋಟಾದಲ್ಲೂ ಕಥೆ ಇದೇ. ನಮ್ಮಲ್ಲಿ ಎಸ್‌ಜಿ, ಎಲ್‌ಜಿ ಎಂದು ಕೇಳಿ ತರುವ ತೋಟಾಗಳ ಜಾತಿಗೇ ಸೇರಿದ ಅಮೆರಿಕದ ಡಬಲ್ ಆಟ್ ಬಕ್‌ಶಾಟ್, 12 ಬೋರಿನ ಸಾಮಾನ್ಯ ತೋಟಾದಲ್ಲಿ ಒಂಬತ್ತು ಗುಂಡು ಹಿಡಿಯುತ್ತದೆ. .410ರಲ್ಲಿ ಅಂಥವು ತೋಟಾದ ಉದ್ದ ನೋಡಿಕೊಂಡು ಮೂರರಿಂದ ಐದು. ಗುಂಡು ಕಡಿಮೆಯಾದಷ್ಟೂ ಗುರಿ ಚೊಕ್ಕವಾಗಿರಬೇಕು ಎನ್ನುವುದಕ್ಕೆ ಗಣಿತ ಬಲ್ಲವರು ಬೇಕಿಲ್ಲ.

ಆದರೆ ಮಾರುಕಟ್ಟೆ ಗಿರಾಕಿಯ ಜತೆ ವಾದಕ್ಕಿಳಿಯುವುದಿಲ್ಲ. ಮಾಸ್‌ಬರ್ಗ್ ಕಂಪನಿ ತನ್ನ 500 ಮಾದರಿಯ ಪಂಪ್ ಶಾಟ್‌ಗನ್ನಿನಲ್ಲಿ ಎಚ್‌ಎಸ್ 410 ಹೋಮ್ ಸೆಕ್ಯೂರಿಟಿ ಎಂಬುದನ್ನು ತಂದು, ಚರೆ ಇನ್ನಷ್ಟು ಹರಡಲೆಂದೇ ನಳಿಗೆಯ ತುದಿಗೊಂದು ಮೂತಿ ಜೋಡಿಸಿತು. ಬ್ರೆಜಿಲ್‌ನ ಟಾರಸ್ ಕಂಪನಿಯ ಜಡ್ಜ್ ರಿವಾಲ್ವರ್ ಇನ್ನೂ ಸ್ವಾರಸ್ಯದ್ದು. .45 ಕೋಲ್ಟ್ ಗುಂಡು, .410 ತೋಟಾ ಎರಡನ್ನೂ ಅದು ನುಂಗುತ್ತದೆ. ಅಷ್ಟು ಗಿಡ್ಡ ನಳಿಗೆಯ ಒಳಮೈ ನುಣುಪಾಗಿದ್ದರೆ ಅಮೆರಿಕದ ಕಾನೂನಿನಲ್ಲಿ ತೊಡಕಾಗುತ್ತದೆ, ಆದ್ದರಿಂದ ಒಳಗೆ ರೈಫಲ್ಲಿನಂತೆ ತಿರುಗು ಗೀರುಗಳಿವೆ. ಗೀರಿನಲ್ಲಿ ಗಿರಗಿರ ತಿರುಗಿ ಹೊರಬಿದ್ದ ಸಣ್ಣ ಚರೆ ಸುತ್ತಲಿಗೆ ಸಿಡಿಯುತ್ತದೆ. ಕೊಂಡವರು ಆಸೆಪಟ್ಟ ಹರಡುವಿಕೆ ಅಂತೂ ಸಿಕ್ಕಿತು. ಕೆಲವು ಗಜ ದಾಟಿದರೆ ನಡುವೆ, ಗುರಿ ಇರಬೇಕಾದ ಜಾಗದಲ್ಲೇ, ಖಾಲಿ ಬಿಡುವಷ್ಟು ಸಿಕ್ಕಿತು.

ಹಾಗೆಂದು ಸಣ್ಣ ಬೋರನ್ನು ಆಟಿಕೆ ಎಂದು ತಳ್ಳುವವರು ಜಾಣರೇನಲ್ಲ. 2006ರ ಫೆಬ್ರವರಿಯಲ್ಲಿ ಅಮೆರಿಕದ ಅಂದಿನ ಉಪಾಧ್ಯಕ್ಷ ಡಿಕ್ ಚೇನಿ ಟೆಕ್ಸಾಸ್‌ನಲ್ಲಿ ಲಾವುಗೆ ಬೇಟೆಗೆ ಹೋಗಿದ್ದಾಗ ಹಕ್ಕಿಯ ಹಿಂದೆ ತಿರುಗಿ ಹೊಡೆದ ಈಡು ಜತೆಗಿದ್ದ 78 ವರ್ಷದ ವಕೀಲರಿಗೆ ತಾಗಿತು. ಕೈಯಲ್ಲಿದ್ದದ್ದು 28 ಬೋರ್, ಒಳಗೆ ಹಕ್ಕಿಗೆಂದೇ ಇರುವ ಏಳೂವರೆ ನಂಬರಿನ ಪುಡಿ ಚರೆ, ದೂರ ವರದಿಯ ಪ್ರಕಾರ ಸುಮಾರು 30 ಗಜ. ಮುಖ, ಕುತ್ತಿಗೆ, ಎದೆಗೆಲ್ಲ ಚರೆ ಹೊಕ್ಕು, ಒಂದು ಹೃದಯದ ಬಳಿ ಸೇರಿ, ಮೂರನೆಯ ದಿನ ಅವರಿಗೆ ಲಘು ಹೃದಯಾಘಾತವಾಯಿತು. ಅವರು ಚೇತರಿಸಿಕೊಂಡು 95ರವರೆಗೆ ಬದುಕಿದರು. ಈ ಒಂದೇ ಘಟನೆಯನ್ನು ಹಿಡಿದು ಒಬ್ಬ 28 ಬೋರಿನಿಂದ ಏನೂ ಆಗುವುದಿಲ್ಲ ನೋಡಿ ಎನ್ನುತ್ತಾನೆ, ಇನ್ನೊಬ್ಬ ಪುಡಿ ಚರೆಯೇ ಸಾಕು ನೋಡಿ ಎನ್ನುತ್ತಾನೆ. ಹೊಡೆದವರು ಎತ್ತ ತಿರುಗುತ್ತಿದ್ದೇನೆಂದು ನೋಡಿರಲಿಲ್ಲ ಎಂಬುದು ಇಬ್ಬರಿಗೂ ಬೇಡ.

20 ಬೋರನ್ನು ಒಪ್ಪಿಕೊಳ್ಳಲು ಒಳ್ಳೆಯ ಕಾರಣಗಳಿವೆ. ಅದರ ಮೂರನೇ ನಂಬರಿನ ಬಕ್‌ಶಾಟ್ ತೋಟಾದಲ್ಲಿ ಕಾಲಿಂಚಿನ ಇಪ್ಪತ್ತು ಗುಂಡುಗಳಿರುತ್ತವೆ, ತಮಾಷೆಯ ಮಾತಲ್ಲ. ಕುಳ್ಳಗಿನವರಿಗೆ ಕೋವಿ ಹಿಡಿತಕ್ಕೆ ಬಾರದಿರಲು ಬಹಳ ಸಲ ಬೋರು ಕಾರಣವೇ ಅಲ್ಲ, ಹೆಗಲಿಗೆ ಒತ್ತುವ ಹಿಡಿಯ ಉದ್ದ ಕಾರಣ. ಟ್ರಿಗರಿನಿಂದ ಹಿಡಿಯ ತುದಿಗೆ 14 ಇಂಚಿನಷ್ಟು ಇಟ್ಟು ಮಾಡಿದ ಕೋವಿ ಐದಡಿಯ ಹೆಂಗಸಿಗೆ ಹೊಂದುವುದಾದರೂ ಹೇಗೆ? ಹಿಡಿ ಗಿಡ್ಡ ಮಾಡಿಸಿದರೆ ಅರ್ಧ ದೂರು ಅಲ್ಲೇ ನಿಲ್ಲುತ್ತದೆ. ಸಣ್ಣ ಬೋರು ಕಡಿಮೆ ಒದೆಯುತ್ತದೆ ಎಂಬುದೂ ಪೂರ್ತಿ ನಿಜವಲ್ಲ, ಏಕೆಂದರೆ 20 ಬೋರಿನ ಕೋವಿಯೂ ಹಗುರ, ಹಗುರ ಕೋವಿಯ ಒದೆತ ಹೆಚ್ಚು. ಈಡಿನ ಅನಿಲದ ಬಲದಿಂದಲೇ ಮುಂದಿನ ತೋಟಾ ತುಂಬಿಕೊಳ್ಳುವ ತೂಕದ ಗ್ಯಾಸ್ ಆಟೊಮ್ಯಾಟಿಕ್ಕಿನಲ್ಲಿ ಮೆದು ತೋಟಾ ಹಾಕಿದ 12 ಬೋರು ಎಷ್ಟೋ ಸಲ ಅದಕ್ಕಿಂತ ಸಾಧು.

ಇನ್ನುಳಿದ ನಂಬಿಕೆಗಳಿಗೆ ಒಂದೊಂದು ಸಾಲು ಸಾಕು. ತೋಟಾ ತುಂಬಲು ಪಂಪ್ ಎಳೆದ ಸದ್ದಿಗೇ ಕಳ್ಳ ಓಡುತ್ತಾನೆ: ಓಡಿದರೆ ಸಂತೋಷ, ಓಡದಿದ್ದರೆ ನೀವೆಲ್ಲಿದ್ದೀರಿ ಎಂದು ಅವನಿಗೆ ಹೇಳಿಕೊಟ್ಟ ಹಾಗಾಯಿತು. ಹಕ್ಕಿ ಚರೆ ಗೋಡೆ ದಾಟುವುದಿಲ್ಲ: ಅಮೆರಿಕದ ಮನೆಯ ಒಳಗೋಡೆ ಎಂದರೆ ಮರದ ಚೌಕಟ್ಟಿನ ಎರಡೂ ಮಗ್ಗುಲಿಗೆ ಅರ್ಧ ಇಂಚಿನ ಜಿಪ್ಸಂ ಹಲಗೆ, ಹತ್ತಿರದಿಂದ ಹೊಡೆದರೆ ಹಕ್ಕಿ ಚರೆಯೂ ಅದನ್ನು ತೂತು ಮಾಡುತ್ತದೆ, ಬಕ್‌ಶಾಟ್ ಅಂಥ ಹಲವು ಗೋಡೆ ದಾಟುತ್ತದೆ. ಮುರಕಲ್ಲಿನ ಗೋಡೆಯ ನಮ್ಮ ಮನೆಗಳಿಗೆ ಆ ಚಿಂತೆಯನ್ನು ಹಾಗೇ ಎತ್ತಿ ತರಬೇಕಿಲ್ಲ, ಕಿಟಕಿ ಬಾಗಿಲಿಗೆ ಹೊರತು.

ಗಾಳಿಯಲ್ಲಿ ಹೊಡೆದು ಹೆದರಿಸುವ ಸಲಹೆ ಕೊಟ್ಟವರು ಸಾಮಾನ್ಯರಲ್ಲ. 2013ರ ಫೆಬ್ರವರಿಯಲ್ಲಿ, ಆಗ ಉಪಾಧ್ಯಕ್ಷರಾಗಿದ್ದ ಜೋ ಬೈಡನ್, ತೊಂದರೆ ಬಂದರೆ ಬಾಲ್ಕನಿಗೆ ಹೋಗಿ ಜೋಡು ನಳಿಗೆಯಿಂದ ಎರಡು ಈಡು ಹಾರಿಸು ಎಂದು ತಮ್ಮ ಹೆಂಡತಿಗೆ ಹೇಳಿದ್ದೇನೆ ಎಂದರು. ಜೋಡು ನಳಿಗೆಯಲ್ಲಿ ಇರುವುದೇ ಎರಡು. ಆ ಜುಲೈನಲ್ಲಿ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್ ಊರಿನವನೊಬ್ಬ ತನ್ನ ವಾಹನಗಳ ಬಳಿ ಸುಳಿಯುತ್ತಿದ್ದವರನ್ನು ಓಡಿಸಲು ಹಾಗೇ ಗಾಳಿಗೆ ಹಾರಿಸಿ, ಬೈಡನ್ ಹೇಳಿದಂತೆ ಮಾಡಿದೆ ಎಂದ. ಅವನ ಮೇಲೆ ಮೊಕದ್ದಮೆ ಬಿತ್ತು.

ಕಾನೂನಿನ ವಿಷಯದಲ್ಲೂ ಕೇಳಿದ್ದೇ ವೇದ. ಟೆಕ್ಸಾಸ್‌ನಲ್ಲಿ ಯಾರು ಬೇಕಾದರೂ ಕೋವಿ ಕೊಳ್ಳಬಹುದು ಎಂಬ ಮಾತನ್ನು ಅಲ್ಲಿನ ಕನ್ನಡಿಗರು ನಂಬಿ ನಡೆದರೆ ಕಷ್ಟ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರಿಗೆ ಅಮೆರಿಕದ ಕೇಂದ್ರ ಕಾನೂನು ಅದನ್ನು ನಿಷೇಧಿಸಿದೆ. ಬೇಟೆಯ ಪರವಾನಗಿ ಪಡೆದವರಿಗೆ ಒಂದು ವಿನಾಯಿತಿ ಉಂಟು, ಗ್ರೀನ್ ಕಾರ್ಡ್ ಇದ್ದವರ ಲೆಕ್ಕವೇ ಬೇರೆ. ಅಮೆರಿಕದ ವಿಡಿಯೊಗಳಲ್ಲಿ ಮೆರೆಯುವ ಹದಿನೆಂಟು ಇಂಚು ಚಿಲ್ಲರೆ ನಳಿಗೆಯ ಕೋವಿಗಳನ್ನು ನೋಡಿ ಆಸೆಪಡುವ ಇಲ್ಲಿಯವರಿಗೂ ಒಂದು ಮಾತು: ಆತ್ಮರಕ್ಷಣೆಗೋ ಕ್ರೀಡೆಗೋ ಪರವಾನಗಿ ಕೊಡುವ ಬಗ್ಗೆ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಹೇಳುವುದು 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಕೋವಿಯ ಮಾತು.

ವಿಚಿತ್ರವೆಂದರೆ ಇವುಗಳಲ್ಲಿ ಮುಖ್ಯವಾದ, ಗುರಿ ಬೇಡವೆಂಬ ನಂಬಿಕೆಯನ್ನು ಪರೀಕ್ಷಿಸಲು ವಿಜ್ಞಾನಿ ಬೇಡ, ಪ್ರಯೋಗಾಲಯ ಬೇಡ. ರಟ್ಟಿನ ಡಬ್ಬಕ್ಕೆ ಹಳೆಯ ಪತ್ರಿಕೆಯ ಹಾಳೆ ಅಂಟಿಸಿ, ಶೂಟಿಂಗ್ ರೇಂಜಿನಲ್ಲಿ ಐದು ಗಜ ದೂರ ನಿಂತು ಒಂದು ಈಡು ಹೊಡೆದರೆ ಉತ್ತರ ಕಣ್ಣೆದುರೇ ಇರುತ್ತದೆ. ನೂರಾರು ಡಾಲರ್ ಕೊಟ್ಟು ಕೋವಿ ಕೊಂಡು, ಮೇಲೆ ದೀಪ, ಲೇಸರ್, ತೋಟಾ ಸಿಕ್ಕಿಸುವ ಪಟ್ಟಿ ಎಲ್ಲ ಜೋಡಿಸುವವರು ಒಂದು ಹಾಳೆಯನ್ನು ಹಾಳು ಮಾಡಲು ಹಿಂದೆಮುಂದೆ ನೋಡುತ್ತಾರೆ. ಭಾವ ಹೇಳಿದ, ಅಂಗಡಿಯವನು ಹೇಳಿದ, ಉಪಾಧ್ಯಕ್ಷರೇ ಹೇಳಿದರು. ಇಷ್ಟು ಜನ ಹೇಳಿದ ಮೇಲೆ ಕಾಗದ ಬೇರೆ ಏನು ಹೇಳೀತು!

ಗಂಡನಿಗೆ 12, ಹೆಂಡತಿಗೆ 20 ಎಂಬ ಸಲಹೆಯಲ್ಲಿ ಯಾರೂ ಬಾಯಿಬಿಡದ ಅಪಾಯ ಇನ್ನೊಂದಿದೆ. 20 ಬೋರಿನ ತೋಟಾ 12 ಬೋರಿನ ಕೋವಿಗೆ ಜಾರಿ ಇಳಿದು ನಳಿಗೆಯಲ್ಲಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದರೆ ಸದ್ದಿಲ್ಲ. ತೋಟಾ ಹಾಕಿರಲೇ ಇಲ್ಲವೆಂದುಕೊಂಡು ಹಿಂದಿನಿಂದ 12 ಬೋರಿನದೊಂದನ್ನು ತುಂಬಿ ಹೊಡೆದರೆ ನಳಿಗೆ ಕೈಯಲ್ಲೇ ಸಿಡಿಯುತ್ತದೆ. ಅಮೆರಿಕದ ತಯಾರಕರು 20 ಬೋರಿನ ತೋಟಾಗಳಿಗೆ ಹಳದಿ ಬಣ್ಣ ಮೀಸಲಿಟ್ಟಿರುವುದು ಇದೇ ಕಾರಣಕ್ಕೆ. ಕತ್ತಲಲ್ಲಿ, ನಡುಗುವ ಕೈಯಲ್ಲಿ, ಒಂದೇ ಡ್ರಾಯರಿನಲ್ಲಿ ತಡಕುವವರಿಗೆ ಹಳದಿಯೂ ಕೆಂಪೂ ಒಂದೇ ಆದ್ದರಿಂದ, ತಿಳಿದವರು ಕೊಡುವ ಸಲಹೆ ಚಿಕ್ಕದು: ಮನೆಯಲ್ಲಿ ಯಾವ ಬೋರಾದರೂ ಇರಲಿ, ಒಂದೇ ಇರಲಿ, ಎರಡಿದ್ದರೆ ತೋಟಾಗಳು ಬೇರೆ ಬೇರೆ ಕೋಣೆಯ ಬೀಗದಲ್ಲಿರಲಿ.