ಮುಖ ಉರಿಯೋರ ಮೇಕಪ್ ಪೌಚ್: ಸೆನ್ಸಿಟಿವ್ ಸ್ಕಿನ್‌ಗೆ ನಾನು ದಿನಾ ಬಳಸೋದು, ನಾನು ಬಿಟ್ಟಿದ್ದು

(ಈ ವಾರದ ಎಪಿಸೋಡ್‌ನ ಅಕ್ಷರರೂಪ. ನನ್ನ ಕೆಮ್ಮು, ಪಕ್ಕದ ಮನೆಯ ಕುಕ್ಕರ್ ವಿಷಲ್ ತೆಗೆದಿದ್ದೀನಿ. ಉಳಿದಿದ್ದು ಹೆಚ್ಚುಕಡಿಮೆ ಮಾತಾಡಿದ ಹಾಗೇ ಇದೆ.)

ಹೋದ ಸಲ ಸಿಬಿಲ್ ಸ್ಕೋರ್ ಬಗ್ಗೆ ಮಾತಾಡಿದ್ವಿ. ಈ ಸಲ ಪೂರ್ತಿ ಬೇರೆ ವಿಷಯ. ತುಂಬ ಜನ ಮೆಸೇಜ್ ಮಾಡಿದ್ರಿ, 'ಅಕ್ಕಾ, ನಿಮ್ಮ ಮುಖಕ್ಕೆ ಏನು ಹಾಕ್ತೀರ?' ಅಂತ. ಪಾಡ್‌ಕಾಸ್ಟ್‌ನಲ್ಲಿ ನನ್ನ ಮುಖ ಎಲ್ಲಿ ಕಂಡಿತೋ ಗೊತ್ತಿಲ್ಲ. ಇರಲಿ.

ಮೊದಲೇ ಎರಡು ಮಾತು. ನಾನು ಬಿ.ಕಾಂ ಓದಿದವಳು, ಡಾಕ್ಟರ್ ಅಲ್ಲ. ಇವತ್ತು ನಾನು ಹೆಸರು ಹೇಳೋ ಯಾವ ಕಂಪನಿಯೂ ನನಗೆ ದುಡ್ಡು ಕೊಟ್ಟಿಲ್ಲ, ಟ್ಯೂಬೂ ಕಳಿಸಿಲ್ಲ. ಎಲ್ಲಾ ನನ್ನ ಜೇಬಿಂದ ಹೋಗಿದ್ದು.

ಬಳಸೋದನ್ನ ಹೇಳೋಕ್ ಮುಂಚೆ ಬಿಟ್ಟಿದ್ದನ್ನ ಹೇಳ್ಬೇಕು. ಯಾಕಂದ್ರೆ ನನ್ನ ಚರ್ಮ ಸೆನ್ಸಿಟಿವ್ ಆಗಿ ಹುಟ್ಟಿದ್ದಲ್ಲ, ನಾನೇ ಮಾಡ್ಕೊಂಡಿದ್ದು. ಡಿಗ್ರಿ ಕೊನೇ ವರ್ಷ, ದೊಡ್ಡಪ್ಪನ ಮಗಳ ಮದುವೆ ಒಂದು ತಿಂಗಳಿತ್ತು. ಕೆನ್ನೆ ಮೇಲೆ ಮೊಡವೆ ಕಲೆ. ಊರಿನ ಒಂದು ಮೆಡಿಕಲ್ ಶಾಪ್‌ಗೆ ಹೋಗಿ 'ಕಲೆ ಹೋಗೋಕೆ ಏನಾದ್ರೂ ಕೊಡಿ' ಅಂದೆ. ಚೀಟಿ ಕೇಳಲಿಲ್ಲ, ಒಂದು ಪುಟ್ಟ ಟ್ಯೂಬ್ ಕೊಟ್ಟರು. ಹಚ್ಚಿದ ಐದಾರು ದಿನಕ್ಕೆ ಮುಖ ಫಳಫಳ. ಮದುವೆ ಮನೆಯಲ್ಲಿ ಅತ್ತೆಯಂದಿರೆಲ್ಲ 'ಏನೇ ಇದು, ಇಷ್ಟು ಬೆಳ್ಳಗಾಗಿದ್ದೀಯ!' ಅಂತ ಗಲ್ಲ ಹಿಡಿದು ಕೇಳಿದ್ದೇ ಕೇಳಿದ್ದು. ನಾಲ್ಕು ತಿಂಗಳು ಹಚ್ಚಿದೆ. ಟ್ಯೂಬ್ ಖಾಲಿ ಆಯ್ತು, ಪರೀಕ್ಷೆ ಗಡಿಬಿಡಿಯಲ್ಲಿ ಹೊಸದು ತರಲಿಲ್ಲ. ಮೂರನೇ ದಿನ ಮುಖ ಕೆಂಪಗಾಯ್ತು. ಆಮೇಲೆ ಉರಿ, ಸಣ್ಣ ಸಣ್ಣ ಗುಳ್ಳೆ. ಬರೀ ನೀರು ಬಿದ್ದರೂ ಮೆಣಸಿನಕಾಯಿ ತಿಕ್ಕಿದ ಹಾಗೆ. ಭಯಕ್ಕೆ ಮತ್ತೆ ಅದೇ ಟ್ಯೂಬ್ ತಂದು ಹಚ್ಚಿದೆ, ಎರಡು ದಿನಕ್ಕೆ ಸರಿಹೋಯ್ತು. ಬಿಟ್ಟೆ, ಮತ್ತೆ ಶುರು. ಬಡ್ಡಿ ಕಟ್ಟೋಕೆ ಇನ್ನೊಂದು ಸಾಲ ತಗೊಂಡ ಹಾಗೆ ಅದು.

ಕೊನೆಗೆ ಚರ್ಮದ ಡಾಕ್ಟರ್ ಹತ್ರ ಹೋದಾಗ ಗೊತ್ತಾಯ್ತು, ಅದರೊಳಗೆ ಸ್ಟೀರಾಯ್ಡ್ ಇತ್ತು. ಇದು ನನ್ನೊಬ್ಬಳ ಕಥೆ ಅಲ್ಲ. ನಮ್ಮ ದೇಶದ ಚರ್ಮರೋಗ ತಜ್ಞರು ಇದಕ್ಕೆ 'ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್' ಅಂತ ಹೆಸರನ್ನೇ ಇಟ್ಟಿದ್ದಾರೆ. ಸ್ಟೀರಾಯ್ಡ್ ಕ್ರೀಮ್ ರಕ್ತನಾಳಗಳನ್ನ ಬಿಗಿ ಮಾಡುತ್ತೆ, ಊತ ಇಳಿಸುತ್ತೆ, ಬಣ್ಣ ತಿಳಿಯಾಗಿಸುತ್ತೆ. ಅದಕ್ಕೇ ಮೊದಲ ವಾರ ಜಾದೂ ತರ ಕಾಣೋದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತೆ, ಕೆಂಪು ನರಗಳು ಕಾಣ್ತವೆ, ಕೆಲವರಿಗೆ ಮುಖದ ಮೇಲೆ ಕೂದಲೂ ಜಾಸ್ತಿ ಆಗುತ್ತೆ. 2018ರಲ್ಲಿ ಸರ್ಕಾರ ಇಂಥ ಕ್ರೀಮ್‌ಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದ್ರೆ ಡಾಕ್ಟರ್ ಚೀಟಿ ಇಲ್ಲದೆ ಕೊಡೋ ಹಾಗಿಲ್ಲ. ಕೌಂಟರ್‌ನಲ್ಲಿ ಏನು ನಡೆಯುತ್ತೆ ಅಂತ ನಿಮಗೇ ಗೊತ್ತು.

ಹಾಗಾಗಿ ಈಗಲೇ ಒಂದು ಕೆಲಸ ಮಾಡಿ. ಎಪಿಸೋಡ್ ಪಾಸ್ ಮಾಡಿ. ಮನೆಯಲ್ಲಿ ಅಮ್ಮನೋ ಅಣ್ಣನೋ ಮುಖಕ್ಕೆ ಹಚ್ಚೋ ಟ್ಯೂಬ್ ತಗೊಂಡು ಹಿಂದೆ ತಿರುಗಿಸಿ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲೂಸಿನೋಲೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಡಾಕ್ಟರ್ ಕೊಟ್ಟಿದ್ದು, ಇಷ್ಟೇ ದಿನ ಅಂತ ಹೇಳಿದ್ದು ಆಗಿದ್ರೆ ಸರಿ, ಅದು ಔಷಧಿ. ವರ್ಷಗಟ್ಟಲೆ 'ಫೇಸ್ ಕ್ರೀಮ್' ಅಂತ ಹಚ್ಚುತ್ತಿದ್ದರೆ ನಾಳೆನೇ ಡರ್ಮಟಾಲಜಿಸ್ಟ್‌ಗೆ ತೋರಿಸಿ. ನನ್ನ ತರ ಒಂದೇ ಏಟಿಗೆ ನೀವೇ ನಿಲ್ಲಿಸೋಕೆ ಹೋಗ್ಬೇಡಿ, ಹೇಗೆ ಬಿಡಬೇಕು ಅಂತ ಅವರು ಹೇಳ್ತಾರೆ.

ಸರಿ, ಆಗಿದ್ದೇನು? ಚರ್ಮದ ಮೇಲ್ಪದರವನ್ನ ಕಾಂಪೌಂಡ್ ಗೋಡೆ ಅಂದ್ಕೊಳ್ಳಿ. ಜೀವಕೋಶಗಳು ಇಟ್ಟಿಗೆ. ಮಧ್ಯದ ಗಾರೆ ಅಂದ್ರೆ ಸೆರಮೈಡ್, ಕೊಲೆಸ್ಟರಾಲ್, ಫ್ಯಾಟಿ ಆಸಿಡ್ ಅನ್ನೋ ಕೊಬ್ಬುಗಳು. ಗಾರೆ ಉದುರಿದರೆ ಒಳಗಿನ ನೀರು ಆರಿಹೋಗುತ್ತೆ, ಹೊರಗಿನ ಸೋಪು, ಸೆಂಟು, ಧೂಳು ಒಳಗೆ ನುಗ್ಗುತ್ತೆ. ಎಷ್ಟೋ ಜನರ 'ಸೆನ್ಸಿಟಿವ್ ಸ್ಕಿನ್' ಅಂದ್ರೆ ಇದೇ, ಗಾರೆ ಉದುರಿದ ಗೋಡೆ. ಅದಕ್ಕೆ ಬೇಕಾಗಿರೋದು ಹತ್ತು ಸೀರಮ್ ಅಲ್ಲ, ಮೂರೇ ಮೂರು.

ಮೊದಲನೇದು ಮುಖ ತೊಳೆಯೋದು. ಚರ್ಮದ ಪಿಎಚ್ ಸುಮಾರು 5, ಮಾಮೂಲಿ ಸೋಪಿನದು 9-10. ಸ್ನಾನದ ಸೋಪಲ್ಲೇ ಮುಖ ತಿಕ್ಕಿದರೆ ಬಿಗಿದ ಹಾಗೆ ಆಗೋದು ಅದಕ್ಕೇ. ಆ ಬಿಗಿತವನ್ನ ನಾನು 'ಕ್ಲೀನ್ ಆಯ್ತು' ಅಂದ್ಕೊಂಡಿದ್ದೆ ಎಷ್ಟೋ ವರ್ಷ. ಈಗ ಸೆಟಾಫಿಲ್ ಜೆಂಟಲ್ ಸ್ಕಿನ್ ಕ್ಲೆನ್ಸರ್ ಬಳಸ್ತೀನಿ. ಸೆಂಟಿಲ್ಲ, ನೊರೆನೂ ಹೆಚ್ಚು ಕಡಿಮೆ ಇಲ್ಲ. ನಮ್ಮಮ್ಮ ನೋಡಿ 'ಇದೇನೇ, ನೊರೆನೇ ಬರಲ್ಲ, ಮೋಸ' ಅಂದ್ರು. ಇದು ಹೊಸ ಫ್ಯಾಷನ್ ಅಲ್ಲ, 1947ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಒಬ್ಬ ಫಾರ್ಮಸಿಸ್ಟ್ ಶುರು ಮಾಡಿದ ಬ್ರ್ಯಾಂಡ್. ಬೆಳಿಗ್ಗೆ ನಾನು ಬರೀ ನೀರಲ್ಲಿ ತೊಳೀತೀನಿ, ರಾತ್ರಿ ಮಾತ್ರ ಇದು. ಬಿಸಿನೀರು ಬೇಡ, ಉಗುರು ಬೆಚ್ಚಗಿದ್ದರೆ ಸಾಕು. ಬೋರ್‌ವೆಲ್ ನೀರಿನ ಏರಿಯಾದಲ್ಲಿದ್ದೀರಾ? ಗಡಸು ನೀರಲ್ಲಿ ಸೋಪಿನ ಅಂಶ ಚರ್ಮದ ಮೇಲೇ ಕೂರುತ್ತೆ. ಹಾಗಾಗಿ ಅಲ್ಲಿ ಸೋಪಿಲ್ಲದ ಕ್ಲೆನ್ಸರ್‌ಗೆ ಇನ್ನೂ ಹೆಚ್ಚು ಬೆಲೆ.

ಎರಡನೇದು ಮಾಯಿಶ್ಚರೈಸರ್, ಅಂದ್ರೆ ಗಾರೆ ಮೆತ್ತೋ ಕೆಲಸ. ನಂದು ಸೆರಾವೆ ಮಾಯಿಶ್ಚರೈಸಿಂಗ್ ಕ್ರೀಮ್. ಮೂರು ತರ ಸೆರಮೈಡ್ ಇದೆ, ಸೆಂಟಿಲ್ಲ. ಮುಖ ಒರೆಸಿಕೊಂಡ ಮೇಲೆ ಇನ್ನೂ ತೇವ ಇರುವಾಗಲೇ ಹಚ್ಚಬೇಕು. ಇದು ದುಬಾರಿ ಅನ್ನಿಸಿದರೆ ಬೇಜಾರಿಲ್ಲ. ಸೆರಮೈಡ್ ಅಥವಾ ಗ್ಲಿಸರಿನ್ ಇರೋ, ಸೆಂಟಿಲ್ಲದ ನಮ್ಮ ದೇಶದ ಕ್ರೀಮ್‌ಗಳೂ ಈಗ ಸಿಗ್ತವೆ. ತುಟಿಗೆ, ಮೂಗಿನ ಪಕ್ಕ ಬಿರುಕು ಬಿಟ್ಟ ಜಾಗಕ್ಕೆ ಸೆಂಟಿಲ್ಲದ ಸಾದಾ ವ್ಯಾಸಲೀನ್. 1872ರಲ್ಲಿ ಪೇಟೆಂಟ್ ಆದ ವಸ್ತು. ನೀರು ಆರದ ಹಾಗೆ ತಡೆಯೋದ್ರಲ್ಲಿ ಇವತ್ತಿಗೂ ಅದರ ಮುಂದೆ ನಿಲ್ಲೋದು ಕಷ್ಟ. ಎಣ್ಣೆ ಚರ್ಮ, ಮೊಡವೆ ಇರೋರು ಇಡೀ ಮುಖಕ್ಕೆ ಬಳಿಯೋದು ಬೇಡ ಅಷ್ಟೆ.

ಮೂರನೇದು ಸನ್‌ಸ್ಕ್ರೀನ್. ಇಲ್ಲೇ ನನ್ನ ಬಿ.ಕಾಂ ಉಪಯೋಗಕ್ಕೆ ಬಂದಿದ್ದು. ಡಬ್ಬಿ ಮೇಲಿನ ಎಸ್‌ಪಿಎಫ್ ನಂಬರ್ ನಿಜ ಆಗ್ಬೇಕಾದರೆ ಮುಖ, ಕತ್ತು ಸೇರಿ ಎರಡು ಬೆರಳುದ್ದ ಹಚ್ಚಬೇಕು. ಹತ್ತಿರಹತ್ತಿರ ಒಂದು ಗ್ರಾಂ. ಅಂದ್ರೆ 50 ಗ್ರಾಂ ಟ್ಯೂಬ್ ದಿನಕ್ಕೊಂದು ಸಲ ಹಚ್ಚಿದರೆ 50 ದಿನಕ್ಕೆ ಮುಗೀಬೇಕು. ನಿಮ್ಮ ಟ್ಯೂಬ್ ಆರು ತಿಂಗಳಿಂದ ಇನ್ನೂ ಇದೆಯಾ? ಹಾಗಾದ್ರೆ ನೀವು ಎಸ್‌ಪಿಎಫ್ 50ಕ್ಕೆ ದುಡ್ಡು ಕೊಟ್ಟು ಅದರಲ್ಲಿ ಸ್ವಲ್ಪ ಭಾಗ ಮಾತ್ರ ತಗೊಳ್ತಿದ್ದೀರ. ಇನ್ನೊಂದು, ಎಸ್‌ಪಿಎಫ್ 30 ಸುಮಾರು 97% ಯುವಿಬಿ ತಡೆದರೆ 50 ತಡೆಯೋದು ಸುಮಾರು 98%. ಆ ಒಂದು ಪರ್ಸೆಂಟ್‌ಗೆ ಎಷ್ಟು ಜಾಸ್ತಿ ಕೊಡ್ತೀರ ಅಂತ ನೀವೇ ಲೆಕ್ಕ ಹಾಕಿ.

ಉರಿಯೋ ಚರ್ಮಕ್ಕೆ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರೋ ಮಿನರಲ್ ಸನ್‌ಸ್ಕ್ರೀನ್ ಸಾಮಾನ್ಯವಾಗಿ ಹಗುರ. ತೊಂದರೆ ಏನಂದ್ರೆ ನಮ್ಮ ಬಣ್ಣಕ್ಕೆ ಅದು ಯಕ್ಷಗಾನದ ವೇಷಕ್ಕೆ ಹಾಕೋ ಮೊದಲ ಕೋಟ್ ತರ ಕಾಣುತ್ತೆ. ಅದಕ್ಕೆ ನಾನು ಟಿಂಟೆಡ್ ತಗೊಳ್ತೀನಿ. ಅದರ ಕಂದು ಬಣ್ಣ ಐರನ್ ಆಕ್ಸೈಡ್‌ದು, ಅದು ಕಣ್ಣಿಗೆ ಕಾಣೋ ಬೆಳಕನ್ನೂ ಸ್ವಲ್ಪ ತಡೆಯುತ್ತೆ. ಕಂದು ಚರ್ಮದಲ್ಲಿ ಕಲೆ ಕಪ್ಪಾಗೋದಕ್ಕೆ ಆ ಬೆಳಕೂ ಒಂದು ಕಾರಣ. ಹೀಗಾಗಿ ನನಗೆ ಫೌಂಡೇಶನ್ ಖರ್ಚೇ ಉಳೀತು.

ಇನ್ನು ಮೇಕಪ್. ನಿಜ ಹೇಳ್ಬೇಕಂದ್ರೆ ನನ್ನ ಪೌಚ್‌ನಲ್ಲಿ ಇರೋದೇ ನಾಲ್ಕು ಐಟಂ: ಟಿಂಟೆಡ್ ಸನ್‌ಸ್ಕ್ರೀನ್, ಸೆಂಟಿಲ್ಲದ ಒಂದು ಲಿಪ್‌ಸ್ಟಿಕ್, ಮಸ್ಕಾರಾ, ಕಾಡಿಗೆ ಪೆನ್ಸಿಲ್. ಮಸ್ಕಾರಾ ಮೂರು ತಿಂಗಳಿಗೆ ಕಸದ ಬುಟ್ಟಿಗೆ, ಅರ್ಧ ಉಳಿದಿದ್ರೂ ಸರಿ. ಕಣ್ಣಿಗೆ ತಾಗೋ ಬ್ರಶ್ ಪದೇಪದೇ ಒಳಗೆ ಹೋಗಿಬರುತ್ತೆ, ರೋಗಾಣು ಬೆಳೆಯುತ್ತೆ. ಕಾಡಿಗೆ ರೆಪ್ಪೆ ಕೂದಲಿನ ಹೊರಗಡೆ ಮಾತ್ರ. ವಾಟರ್‌ಪ್ರೂಫ್ ತಗೊಳ್ಳಲ್ಲ, ತೆಗೆಯೋವಾಗ ಉಜ್ಜಿ ಉಜ್ಜಿ ರೆಪ್ಪೆ ಕೆಂಪಾಗುತ್ತೆ. ಪ್ರತಿ ಡಬ್ಬಿ ಹಿಂದೆ ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರ, ಅದರೊಳಗೆ 6ಎಂ, 12ಎಂ ಅಂತ ಇರುತ್ತಲ್ಲ, ಅದು ತೆರೆದ ಮೇಲೆ ಎಷ್ಟು ತಿಂಗಳು ಅನ್ನೋ ಲೆಕ್ಕ. ಸ್ಕೆಚ್ ಪೆನ್‌ನಲ್ಲಿ ತೆರೆದ ತಾರೀಖು ಬರೆದುಬಿಡಿ.

ಸ್ಟಿಕ್ಕರ್ ಬಿಂದಿ ಬಗ್ಗೆ ಒಂದು ಮಾತು. ಕೆಲವು ಬಿಂದಿಗಳ ಅಂಟಿನಲ್ಲಿರೋ ರಾಸಾಯನಿಕಕ್ಕೆ ಹಣೆ ಮಧ್ಯ ತುರಿಕೆ, ಆಮೇಲೆ ಬಿಳಿ ಮಚ್ಚೆ ಆಗುತ್ತೆ. ನಮ್ಮ ಅಜ್ಜಿಗೆ ಹೀಗಾಗಿತ್ತು. ಆ ಬಿಳಿ ಮುಚ್ಚೋಕೆ ಇನ್ನೂ ದೊಡ್ಡ ಬಿಂದಿ ಇಡ್ತಿದ್ರು, ಮಚ್ಚೆ ಇನ್ನೂ ದೊಡ್ಡದಾಗ್ತಿತ್ತು. ತುರಿಕೆ ಶುರುವಾದ ದಿನವೇ ನಿಲ್ಲಿಸಿ. ರಾತ್ರಿ ಮಲಗೋವಾಗ ಕನ್ನಡಿಗೆ ಅಂಟಿಸಿಬಿಡಿ, ಅದೇನು ಹೊಸ ವಿದ್ಯೆ ಅಲ್ಲ.

ತಮಾಷೆ ಏನು ಗೊತ್ತಾ, ಎಷ್ಟೋ ಸಲ ಮುಖದ ಅಲರ್ಜಿಗೆ ಕಾರಣ ಮುಖಕ್ಕೆ ಹಚ್ಚಿದ್ದೇ ಆಗಿರಲ್ಲ. ಉಗುರಿಗೆ ಹಚ್ಚಿದ ನೇಲ್ ಪಾಲಿಶ್‌ನ ಅಲರ್ಜಿ ಕಣ್ಣಿನ ರೆಪ್ಪೆ ಮೇಲೆ, ಕತ್ತಿನ ಮೇಲೆ ಕಾಣಿಸ್ಕೊಳ್ಳುತ್ತೆ, ಯಾಕಂದ್ರೆ ನಾವು ಗೊತ್ತಿಲ್ಲದೆ ದಿನವಿಡೀ ಅಲ್ಲಿ ಕೈ ಹಾಕ್ತಿರ್ತೀವಿ. ಹೇರ್ ಡೈನಲ್ಲಿರೋ ಪಿಪಿಡಿ ಹಣೆ, ಕಿವಿ ಸುತ್ತ ತುರಿಕೆ ತರಿಸುತ್ತೆ. ಜಾತ್ರೆಯಲ್ಲಿ ಹಾಕೋ ಕಪ್ಪು ಮೆಹಂದಿಯಲ್ಲೂ ಅದನ್ನ ಬೆರೆಸೋದುಂಟು. ಒಂದು ಸಲ ಅದಕ್ಕೆ ಅಲರ್ಜಿ ಆದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತೆ. ಫ್ಯಾನ್ಸಿ ಸ್ಟೋರ್ ಓಲೆ ಹಾಕಿದ್ರೆ ಕಿವಿ ರಸ ಸೋರುತ್ತಾ? ಅದು ನಿಕಲ್ ಇರಬಹುದು.

ಅಡುಗೆಮನೆ ಮದ್ದಿನ ಬಗ್ಗೆ ಜಗಳ ಬೇಡ, ಆದರೆ ನಿಂಬೆಹಣ್ಣು ಮಾತ್ರ ಬೇಡವೇ ಬೇಡ. ಅದರ ಪಿಎಚ್ ಸುಮಾರು 2. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಬೊಬ್ಬೆ, ಆಮೇಲೆ ಕಪ್ಪು ಕಲೆ. ಕಡಲೆಹಿಟ್ಟು ಒಗ್ಗೋರಿಗೆ ಒಗ್ಗುತ್ತೆ, ಒಣಗಿಸಿ ತಿಕ್ಕಿ ತೆಗೆಯೋದು ನನಗೆ ಒಗ್ಗಲ್ಲ.

ಅಂಗಡಿಯಲ್ಲಿ ಏನು ನೋಡ್ಬೇಕು? ಮುಂದಿನ ಲೇಬಲ್ ಜಾಹೀರಾತು, ಹಿಂದಿನದು ಬ್ಯಾಲೆನ್ಸ್ ಶೀಟ್. ಮುಂದೆ 'ಹೈಪೊಅಲರ್ಜೆನಿಕ್' ಅಂತಿದ್ರೆ ನಾನು ಸೋಲಲ್ಲ. ಅಮೆರಿಕದಲ್ಲಿ 1975ರಲ್ಲಿ ಎಫ್‌ಡಿಎ 'ಆ ಪದ ಬಳಸೋಕೆ ಪರೀಕ್ಷೆ ಮಾಡಿ ತೋರಿಸಿ' ಅಂತ ನಿಯಮ ತಂದಾಗ ಅಲ್ಮೇ, ಕ್ಲಿನಿಕ್ ಕಂಪನಿಗಳು ಕೋರ್ಟ್‌ಗೆ ಹೋದವು. 1977ರಲ್ಲಿ ಆ ನಿಯಮವೇ ಬಿದ್ದುಹೋಯ್ತು. ಅಲ್ಲಿ ಇವತ್ತಿಗೂ ಆ ಪದಕ್ಕೆ ಸರ್ಕಾರದ ವ್ಯಾಖ್ಯೆ ಇಲ್ಲ. ಹಿಂದಿನ ಪಟ್ಟಿಯಲ್ಲಿ ನಾನು ಹುಡುಕೋದು 'ಫ್ರಾಗ್ರೆನ್ಸ್' ಅಥವಾ 'ಪರ್ಫಂ' ಅನ್ನೋ ಪದ. ಆ ಒಂದೇ ಪದದೊಳಗೆ ಹತ್ತಾರು ವಸ್ತು ಅಡಗಿರಬಹುದು, ಲೆಕ್ಕಪತ್ರದಲ್ಲಿ 'ಇತರೆ ಖರ್ಚು' ಅಂತ ಬರೀತಾರಲ್ಲ, ಹಾಗೆ. 'ಅನ್‌ಸೆಂಟೆಡ್' ಅಂದ್ರೂ ನಂಬೋ ಹಾಗಿಲ್ಲ, ವಾಸನೆ ಮುಚ್ಚೋಕೆ ಇನ್ನೊಂದು ವಾಸನೆ ಹಾಕಿರ್ತಾರೆ. 'ಫ್ರಾಗ್ರೆನ್ಸ್ ಫ್ರೀ' ಅಂತಲೇ ಇರಬೇಕು. ಲ್ಯಾವೆಂಡರ್ ಎಣ್ಣೆ, ಟೀ ಟ್ರೀ ಎಣ್ಣೆ 'ನ್ಯಾಚುರಲ್' ಆದ ಮಾತ್ರಕ್ಕೆ ಸಾಧು ಅಲ್ಲ, ಅವೂ ಅಲರ್ಜಿ ತರ್ತವೆ. ಇನ್ನೊಂದು ಮೀಥೈಲ್‌ಐಸೋಥಯಾಜೋಲಿನೋನ್. ಹೆಸರು ಹೇಳೋಕೇ ಮೂರು ಟೇಕ್ ಆಯ್ತು. ಯುರೋಪ್‌ನಲ್ಲಿ 2017ರಿಂದ ಹಚ್ಚಿ ಹಾಗೇ ಬಿಡೋ ಕ್ರೀಮ್‌ಗಳಲ್ಲಿ ಇದನ್ನ ನಿಷೇಧಿಸಿದ್ದಾರೆ.

ಹೊಸದು ತಂದ್ರೆ ನೇರ ಮುಖಕ್ಕೆ ಬೇಡ. ಮೊಣಕೈ ಮಡಿಕೆ ಒಳಗಡೆ, ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಕನಿಷ್ಠ ಒಂದು ವಾರ ಹಚ್ಚಿ. ಕ್ಲೆನ್ಸರ್ ಆದರೆ ಮುಖಕ್ಕೆ ಎಷ್ಟು ಹೊತ್ತು ಇಡ್ತೀರೋ ಅಷ್ಟೇ ಹೊತ್ತು ಇಟ್ಟು ತೊಳೀರಿ. 'ರಾತ್ರಿ ಹಚ್ಚಿದೆ, ಬೆಳಿಗ್ಗೆ ಏನೂ ಆಗಿಲ್ಲ' ಅನ್ನೋದು ಸಾಲದು. ಅಲರ್ಜಿ ಎಷ್ಟೋ ಸಲ ಎರಡು ಮೂರು ದಿನ ಬಿಟ್ಟು ಬರುತ್ತೆ. ಹಚ್ಚಿದ ತಕ್ಷಣ ಉರಿ ಬಂದ್ರೆ ಅದು ಹೆಚ್ಚಾಗಿ ಇರಿಟೇಶನ್, ತಡವಾಗಿ ತುರಿಕೆ ಬಂದ್ರೆ ಅಲರ್ಜಿಯ ಅನುಮಾನ. ಪದೇಪದೇ ಆಗ್ತಿದ್ರೆ ಡಾಕ್ಟರ್ ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ನೋಡೋ ಪ್ಯಾಚ್ ಟೆಸ್ಟ್ ಮಾಡ್ತಾರೆ, ಯಾವುದಕ್ಕೆ ಆಗಲ್ಲ ಅಂತ ಹೆಸರು ಸಮೇತ ಗೊತ್ತಾಗುತ್ತೆ. ಒಂದು ಸಲಕ್ಕೆ ಒಂದೇ ಹೊಸ ವಸ್ತು. ನಾಲ್ಕು ಒಟ್ಟಿಗೆ ಶುರು ಮಾಡಿದರೆ ಕಳ್ಳ ಯಾರು ಅಂತ ಹೇಗೆ ಹಿಡೀತೀರ?

ಹಾಗೇ ಮೊದಲ ಸಲ ಚಿಕ್ಕ ಪ್ಯಾಕೇ ತಗೊಳ್ಳಿ. ಉದಾಹರಣೆಗೆ 30 ಗ್ರಾಂಗೆ 180 ರೂಪಾಯಿ ಅಂದ್ರೆ ಗ್ರಾಂಗೆ 6, 120 ಗ್ರಾಂಗೆ 480 ಅಂದ್ರೆ ಗ್ರಾಂಗೆ 4. ದೊಡ್ಡದೇ ಲಾಭ ಅನ್ಸುತ್ತೆ. ಒಗ್ಗದೇ ಹೋದ್ರೆ ಮಾತ್ರ 180ರ ಬದಲು 480 ಡೆಡ್ ಸ್ಟಾಕ್. ನಮ್ಮ ಬಾತ್‌ರೂಮ್ ಶೆಲ್ಫ್‌ನಲ್ಲಿ ಅಂಥ ಡೆಡ್ ಸ್ಟಾಕ್ ಒಂದು ಕಾಲದಲ್ಲಿ ಮೂರು ಸಾವಿರ ದಾಟಿತ್ತು, ಒಂದಿನ ಕೂತು ಲೆಕ್ಕ ಹಾಕಿ ನನಗೇ ನಾಚಿಕೆ ಆಯ್ತು.

ಕೊನೆಗೆ, ದಾವಣಗೆರೆಯಿಂದ ಒಬ್ಬ ತಮ್ಮ ಕೇಳಿದ್ದಾನೆ: 'ಅಕ್ಕಾ, ಇದೆಲ್ಲ ಹುಡುಗೀರಿಗೆ ತಾನೆ? ನನಗೆ ಶೇವ್ ಮಾಡಿದ್ರೆ ಕತ್ತೆಲ್ಲ ಉರಿಯುತ್ತೆ.' ತಮ್ಮಾ, ಗೋಡೆ ನಿಂದೂ ಅದೇ. ಸ್ನಾನ ಆದ ಮೇಲೆ ಕೂದಲು ಮೆತ್ತಗಿರುವಾಗ, ಕೂದಲು ಬೆಳೆದ ದಿಕ್ಕಿಗೇ ಶೇವ್ ಮಾಡು, ಬ್ಲೇಡ್ ಮೊಂಡಾಗೋಕ್ ಮುಂಚೆ ಬದಲಾಯಿಸು. ಉರಿಯೋ ಆಫ್ಟರ್‌ಶೇವ್‌ನಲ್ಲಿ ಆಲ್ಕೋಹಾಲು, ಸೆಂಟು ಎರಡೂ ಇರುತ್ತೆ, ಅದರ ಬದಲು ಮೇಲೆ ಹೇಳಿದ ಮಾಯಿಶ್ಚರೈಸರ್ ಹಚ್ಚು. ಮತ್ತೆ ಹೆಲ್ಮೆಟ್‌ನ ಗಲ್ಲದ ಪಟ್ಟಿ ಯಾವಾಗ ಒಗೆದಿದ್ದೆ ಅಂತ ಒಂದ್ಸಲ ಯೋಚನೆ ಮಾಡು.

ಟ್ಯೂಬ್ ಹಿಂದಿನ ಹೆಸರು ಓದೋಕೆ ಆಗ್ತಿಲ್ಲ ಅನ್ನೋರು ಫೋಟೊ ತೆಗೆದು ಕಳಿಸಿ, ಒಟ್ಟಿಗೆ ಓದೋಣ. ಮುಂದಿನ ವಾರ ಪಿಜಿ ಅಡ್ವಾನ್ಸ್ ವಾಪಸ್ ಕೊಡದೆ ಸತಾಯಿಸೋ ಓನರ್‌ಗಳ ಬಗ್ಗೆ. ಬರ್ತೀನಿ.