ಬಾಳೆಯ ನಿಜವಾದ ಕಾಂಡ

ಬಾಳೆಯು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಮರವಲ್ಲ. ದೇಹದ ಯಾವ ಭಾಗದಲ್ಲಿಯೂ ಕಟ್ಟಿಗೆ ಬಲಿಯದ, ಮೆದುಕಾಂಡದ ಒಂದು ದೈತ್ಯ ಗಿಡ. ಮಾವು, ಹಲಸುಗಳ ತೊಗಟೆಯ ಒಳಮಗ್ಗುಲಲ್ಲಿ ಕೇಂಬಿಯಂ ಎಂಬ ತೆಳ್ಳನೆಯ ಜೀವಕೋಶಗಳ ಪದರವಿದ್ದು, ಅದು ವರ್ಷವರ್ಷವೂ ಒಳಭಾಗಕ್ಕೆ ಹೊಸ ಕಟ್ಟಿಗೆಯನ್ನು ಸೇರಿಸುತ್ತ ಮರವನ್ನು ದಪ್ಪಗೊಳಿಸುತ್ತದೆ. ಏಕದಳ ಸಸ್ಯಗಳ ಗುಂಪಿಗೆ ಸೇರಿದ ಬಾಳೆಯಲ್ಲಿ ಆ ಪದರವೇ ಇಲ್ಲ. ಹಾಗಿದ್ದೂ ಅದು ಆಳೆತ್ತರವನ್ನು ಮೀರಿ ಬೆಳೆದು, ಅನೇಕ ಕಿಲೋ ತೂಗುವ ಗೊನೆಯನ್ನು ಹೊರುತ್ತದೆ. ಕಟ್ಟಿಗೆಯಿಲ್ಲದೆ ಎತ್ತರಕ್ಕೆ ನಿಲ್ಲಬೇಕಾದ ಈ ಒಂದು ಒತ್ತಾಯದಿಂದಲೇ ಬಾಳೆಯ ದೇಹರಚನೆಯ ಬಹುಪಾಲು ಅರ್ಥವಾಗುತ್ತದೆ.

ನೆಲದ ಮೇಲೆ ದುಂಡಗೆ ನಿಂತಿರುವ ಭಾಗವನ್ನು ಮಿಥ್ಯಾಕಾಂಡವೆಂದು ಕರೆಯುತ್ತಾರೆ. ಅದು ಒಂದರ ಮೇಲೊಂದು ಬಿಗಿಯಾಗಿ ಸುತ್ತಿಕೊಂಡ ಎಲೆಬುಡಗಳ, ಅಂದರೆ ಪಟ್ಟೆಗಳ, ಕಟ್ಟು. ಒಂದು ಪಟ್ಟೆಯನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಹೊರಗಿನ ಮತ್ತು ಒಳಗಿನ ಎರಡು ಸಿಪ್ಪೆಗಳ ನಡುವೆ ತೆಳುಗೋಡೆಗಳು ಅಡ್ಡಲಾಗಿ ನಿಂತು, ಸಾಲುಸಾಲಾದ ಗಾಳಿಗೂಡುಗಳು ಕಾಣುತ್ತವೆ. ಹೊರಸಿಪ್ಪೆಯ ಕಡೆಗೆ ನಾರಿನ ಎಳೆಗಳು ದಟ್ಟವಾಗಿರುತ್ತವೆ. ಹೂ ಕಟ್ಟಲು ಬಳಸುವ ಬಾಳೆನಾರು ಬರುವುದು ಇಲ್ಲಿಂದಲೇ. ಮಿಥ್ಯಾಕಾಂಡದ ತೂಕದಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲು ನೀರು. ಆ ನೀರು ಜೀವಕೋಶಗಳ ಗೋಡೆಗಳನ್ನು ಒಳಗಿನಿಂದ ಒತ್ತಿ ಬಿಗಿಯಾಗಿರಿಸುವುದರಿಂದ ಗಿಡ ನೆಟ್ಟಗೆ ನಿಲ್ಲುತ್ತದೆ. ನೀರಿನ ಒತ್ತಡ ತಗ್ಗಿದರೆ ನಾರು ಮಾತ್ರ ಅದನ್ನು ಹಿಡಿದು ನಿಲ್ಲಿಸಲಾರದು.

ನಿಜವಾದ ಕಾಂಡ ಮಣ್ಣಿನೊಳಗಿನ ಗೆಡ್ಡೆ. ಬೇರುಗಳೂ ಕಂದುಗಳೂ ಅದರಿಂದಲೇ ಹೊರಡುತ್ತವೆ, ಮತ್ತು ಹೊಸ ಎಲೆಗಳನ್ನು ಹುಟ್ಟಿಸುವ ಬೆಳವಣಿಗೆಯ ತುದಿಯೂ ತಿಂಗಳುಗಟ್ಟಲೆ ನೆಲಮಟ್ಟದ ಆಸುಪಾಸಿನಲ್ಲಿಯೇ ಉಳಿದಿರುತ್ತದೆ. ಎಳೆಯ ಬಾಳೆಯನ್ನು ಮೊಣಕಾಲೆತ್ತರಕ್ಕೆ ಕಡಿದರೂ, ಕಡಿದ ಮುಖದ ನಡುವಿನಿಂದ ಸುರುಳಿಯೆಲೆ ಕೆಲವೇ ಗಂಟೆಗಳಲ್ಲಿ ಕಣ್ಣಿಗೆ ಕಾಣುವಷ್ಟು ಮೇಲೇಳುವುದು ಇದೇ ಕಾರಣಕ್ಕೆ. ಮೂವತ್ತು, ನಲವತ್ತು ಎಲೆಗಳನ್ನು ಬಿಟ್ಟ ಬಳಿಕ ಆ ತುದಿ ಎಲೆ ಹುಟ್ಟಿಸುವುದನ್ನು ನಿಲ್ಲಿಸಿ ಹೂಗೊಂಚಲಾಗಿ ಮಾರ್ಪಡುತ್ತದೆ. ಆಗ ಕಾಂಡವು ಪಟ್ಟೆಗಳ ನಟ್ಟನಡುವೆ ಬೆಳೆದು ಗೊಂಚಲನ್ನು ಮೇಲಕ್ಕೆ ತಳ್ಳುತ್ತದೆ. ಅಡುಗೆಮನೆಯಲ್ಲಿ ಪಲ್ಯಕ್ಕೋ ಕೋಸಂಬರಿಗೋ ಹೆಚ್ಚುವ ಬಿಳಿಯ ದಿಂಡು ಹೀಗೆ ಮೇಲೇರಿದ ಕಾಂಡ. ಹೂ ಬಿಡುವ ಮುನ್ನವೇ ಬಾಳೆಯನ್ನು ಸೀಳಿದವರಿಗೆ ದಿಂಡು ಸಿಗದೆ ಎಲೆಯ ಸುರುಳಿ ಮಾತ್ರ ಸಿಗುವುದು ಇದಕ್ಕೇ.

ಎಲೆಯ ಸಿರೆಗಳು ನಡುದಂಟಿನಿಂದ ಅಂಚಿನವರೆಗೆ ಸಮಾನಾಂತರವಾಗಿ ಸಾಗುವುದರಿಂದ ಗಾಳಿಗೆ ಅದು ಸಿರೆಯ ಗುಂಟ ಸುಲಭವಾಗಿ ಹರಿಯುತ್ತದೆ. ಇದನ್ನು ದೋಷವೆನ್ನಲಾಗದು: ಹರಿದ ಎಲೆ ಗಾಳಿಯನ್ನು ತನ್ನ ನಡುವೆ ಹಾಯಗೊಟ್ಟು ಗಿಡದ ಮೇಲಿನ ಎಳೆತವನ್ನು ತಗ್ಗಿಸುತ್ತದೆ, ಮತ್ತು ಪಟ್ಟಿಗಳು ತೀರ ಕಿರಿದಾಗದಿದ್ದರೆ ಆಹಾರ ತಯಾರಿಕೆಗೆ ಹೆಚ್ಚಿನ ಕುಂದು ಬರುವುದಿಲ್ಲ. ನಡುದಂಟಿನ ಎರಡೂ ಬದಿಗಳಲ್ಲಿರುವ ಮೆದುಕೋಶಗಳ ಪಟ್ಟಿ, ನಡುಹಗಲಲ್ಲಿ ನೀರಿನ ಕೊರತೆಯಾದಾಗ ಎಲೆಯ ಎರಡು ಭಾಗಗಳನ್ನು ಕೊಡೆಯಂತೆ ಕೆಳಕ್ಕೆ ಮಡಿಸಿ ಬಿಸಿಲಿನ ತಾಪವನ್ನು ಕಡಿಮೆ ಮಾಡುತ್ತದೆ.

ಗೊಂಚಲಿನಲ್ಲಿ ಮೊದಲು ಅರಳುವ ಹೆಣ್ಣು ಹೂಗಳೇ ಚಿಪ್ಪುಗಳಾಗುತ್ತವೆ; ತುದಿಯ ನೇರಳೆ ಬಣ್ಣದ ಪೂಂಬೆಯಲ್ಲಿ ಗಂಡು ಹೂಗಳಿರುತ್ತವೆ. ಗೊನೆ ನೆಲದತ್ತ ಬಾಗಿದರೂ ಕಾಯಿಗಳು ಗುರುತ್ವದ ಎದುರು ದಿಕ್ಕಿಗೆ ತಿರುಗಿಕೊಳ್ಳುವುದರಿಂದ ಹಣ್ಣಿಗೆ ಆ ಬಾಗು ಬರುತ್ತದೆ. ತಿನ್ನುವ ತಳಿಗಳಲ್ಲಿ ಹೆಚ್ಚಿನವು ವರ್ಣತಂತುಗಳ ಮೂರು ಗಣಗಳನ್ನು ಹೊಂದಿವೆ. ಲಿಂಗಕೋಶಗಳು ರೂಪುಗೊಳ್ಳುವಾಗ ಮೂರು ಗಣಗಳು ಸರಿಸಮನಾಗಿ ಹಂಚಿಹೋಗಲಾರವು, ಆದ್ದರಿಂದ ಬೀಜ ಕಟ್ಟುವುದಿಲ್ಲ. ಆದರೂ ಪರಾಗಸ್ಪರ್ಶದ ಹಂಗಿಲ್ಲದೆ ಅಂಡಾಶಯ ತಿರುಳು ತುಂಬಿಕೊಳ್ಳುತ್ತದೆ. ಹಣ್ಣಿನ ನಡುವಿನ ಸಣ್ಣ ಕಪ್ಪು ಚುಕ್ಕೆಗಳು ಬೀಜವಾಗದೆ ಉಳಿದ ಅಂಡಕಗಳು.

ಪಶ್ಚಿಮಘಟ್ಟದ ಬಂಡೆಗಳ ಸಂದಿನಲ್ಲಿ ಬೆಳೆಯುವ ಕಲ್ಲುಬಾಳೆ ಇದಕ್ಕೆ ವಿರುದ್ಧ ಬಗೆಯದು. ಅದು ಕಂದು ಹಾಕುವುದಿಲ್ಲ. ಬೇಸಿಗೆಯಲ್ಲಿ ಎಲೆಗಳನ್ನೆಲ್ಲ ಒಣಗಿಸಿಕೊಂಡು ಗೆಡ್ಡೆಯಾಗಿ ಉಳಿದು, ಮಳೆಗೆ ಮತ್ತೆ ಚಿಗುರಿ, ಕೊನೆಗೆ ಗಟ್ಟಿ ಬೀಜಗಳಿಂದಲೇ ವಂಶವನ್ನು ಮುಂದುವರಿಸುತ್ತದೆ. ತೋಟದ ಬಾಳೆಗಾದರೋ ಕಂದೇ ಗತಿ. ಒಂದು ಬಾರಿ ಗೊನೆ ಬಿಟ್ಟ ಗಿಡ ಸಾಯುತ್ತದೆ, ಅದರ ಗೆಡ್ಡೆಯಿಂದ ಹೊರಟ ಕಂದು ಅದೇ ಆನುವಂಶಿಕ ಗುಣಗಳನ್ನು ಹೊತ್ತು ಮುಂದುವರಿಯುತ್ತದೆ. ತಾಯಿಯ ಆಹಾರದಿಂದ ಬೆಳೆಯುವ ಕಂದಿಗೆ ಮೊದಮೊದಲು ಕತ್ತಿಯಂಥ ಕಿರಿದಾದ ಎಲೆಗಳು ಬರುತ್ತವೆ. ತಾಯಗೆಡ್ಡೆಯ ನಂಟು ಸಡಿಲವಾದ ನೀರುಕಂದು ಎಳವೆಯಲ್ಲಿಯೇ ಅಗಲವಾದ ಎಲೆ ಬಿಡುತ್ತದೆ. ನಾಟಿಗೆ ಕತ್ತಿಕಂದನ್ನೇ ಆರಿಸುವ ರೈತರ ರೂಢಿಗೆ ಗಟ್ಟಿಯಾದ ಕಾರಣವಿದೆ.

ಈ ಏಕರೂಪತೆಗೆ ತೆರಬೇಕಾದ ಬೆಲೆ ದೊಡ್ಡದು. ಪನಾಮಾ ಸೊರಗು ರೋಗದ ಶಿಲೀಂಧ್ರ ಮಣ್ಣಿನಿಂದ ಬೇರನ್ನು ಹೊಕ್ಕು, ನೀರು ಸಾಗಿಸುವ ಕ್ಸೈಲಮ್ ನಾಳಗಳನ್ನು ಮುಚ್ಚಿಬಿಡುತ್ತದೆ. ಮೊದಲು ಕೆಳಗಿನ ಎಲೆಗಳು ಹಳದಿಗೊಂಡು ಜೋತುಬೀಳುತ್ತವೆ. ಕಡಿದು ನೋಡಿದರೆ ಗೆಡ್ಡೆಯಲ್ಲಿ ಕೆಂಗಂದು ಗೆರೆಗಳಿರುತ್ತವೆ. ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಮಧ್ಯ ಅಮೆರಿಕದ ರಫ್ತುತೋಟಗಳಲ್ಲಿ ಗ್ರೋ ಮಿಷೆಲ್ ತಳಿಯನ್ನು ಅಳಿಸಿಹಾಕಿದ ಇದೇ ರೋಗ, ಭೌಗೋಳಿಕ ಸೂಚಿ ಪಡೆದ ನಂಜನಗೂಡು ರಸಬಾಳೆಯ ತೋಟಗಳನ್ನೂ ಕುಗ್ಗಿಸಿತು. ಅಂಗಾಂಶ ಕೃಷಿಯಲ್ಲಿ ಬೆಳವಣಿಗೆಯ ತುದಿಯಿಂದ ಬೆಳೆಸಿದ ಸಸಿಗಳು ರೋಗಾಣುವಿಲ್ಲದೆ ತೋಟಕ್ಕೆ ಬರುತ್ತವೆ, ಆದರೆ ಅವುಗಳ ಗುಣವೂ ತಾಯಿಯದೇ ಆಗಿರುವುದರಿಂದ ಸೋಂಕಿರುವ ಮಣ್ಣಿನಲ್ಲಿ ನೆಟ್ಟ ರಸಬಾಳೆಗೆ ಸೊರಗು ಮತ್ತೆ ತಗಲುತ್ತದೆ.